ಸೋಲಾರ್ ಜೊತೆ ಗಾಳಿ, ನೀರು ಸೇರಿಸೋವಾಗ ಡಂಪ್ ಲೋಡ್ ಯಾಕೆ ಬೇಕು

ಕರೆಂಟ್ ಲೈನ್ ಇಲ್ಲದ ಮನೆಗೆ ಬರೀ ಸೋಲಾರ್ ಯಾಕೆ ಸಾಲಲ್ಲ ಅಂತ ವಿವರಿಸೋಕೆ ಹೋಗಲ್ಲ. ಮೋಡ ಮುಚ್ಚಿದ ವಾರದಲ್ಲಿ ಎಷ್ಟೋ ಸಲ ಗಾಳಿ ಜೋರಿರುತ್ತೆ, ಮಳೆ ಬಂದ್ರೆ ತೊರೆ ತುಂಬುತ್ತೆ, ಅದಕ್ಕೇ ಮೂರನ್ನೂ ಒಂದೇ ಬ್ಯಾಟರಿ ಬ್ಯಾಂಕಿಗೆ ತಂದು ಸೇರಿಸೋದು. ಬ್ಯಾಟರಿ ತುಂಬಿದ್ಮೇಲೆ ಹೆಚ್ಚಾದ ಕರೆಂಟನ್ನ ನುಂಗೋ ಹೀಟರೇ ಡಂಪ್ ಲೋಡ್, ಅದು ಯಾಕೆ ಬೇಕು ಅನ್ನೋದಕ್ಕೆ ಮುಂಚೆ ನೀರು, ಗಾಳಿಯ ಲೆಕ್ಕ.

ನೀರಿಗೆ ನನ್ನ ಫೇವರಿಟ್ ಶಾರ್ಟ್‌ಕಟ್: ಸೆಕೆಂಡಿಗೆ ಎಷ್ಟು ಲೀಟರ್ × ಎಷ್ಟು ಮೀಟರ್ ಎತ್ತರದಿಂದ ನೀರು ಇಳಿಯುತ್ತೆ × 5 = ವ್ಯಾಟ್. ಅಸಲಿಗೆ 9.81ರಿಂದ ಗುಣಿಸಬೇಕು, ಪೈಪು, ಟರ್ಬೈನು, ಜನರೇಟರು ತಿನ್ನೋದನ್ನ ಕಳೆದ್ರೆ ಹೆಚ್ಚುಕಮ್ಮಿ ಅರ್ಧ ಉಳಿಯುತ್ತೆ ಅಂತ 5. 20 ಲೀಟರ್ ಬಕೆಟ್ 7 ಸೆಕೆಂಡಲ್ಲಿ ತುಂಬಿದ್ರೆ ಹತ್ರಹತ್ರ 3 ಲೀಟರ್, ಎತ್ತರ 20 ಮೀಟರ್ ಅಂದ್ಕೊಳ್ಳಿ, 300 ವ್ಯಾಟ್. ಇಷ್ಟೇನಾ ಅಂತ ಮೂಗು ಮುರಿದಿದ್ದೆ, ಆದ್ರೆ ಅದು ರಾತ್ರಿನೂ ಓಡುತ್ತಲ್ಲ, 24 ಗಂಟೆಗೆ 7.2 ಯುನಿಟ್. 1 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಲ್ಲೂ ದಿನಕ್ಕೆ 4-5 ಯುನಿಟ್ ಕೊಟ್ರೆ ಹೆಚ್ಚು.

ಗಾಳಿ: ವೇಗ ಅರ್ಧ ಆದ್ರೆ ಪವರ್ ಎಂಟರಲ್ಲಿ ಒಂದು. ಡಬ್ಬದ ಮೇಲೆ 1000 ವ್ಯಾಟ್ ಅಂತ ಬರೆದಿರೋದು ಸೆಕೆಂಡಿಗೆ 12 ಮೀಟರ್ ಗಾಳಿಗಾದ್ರೆ, 6 ಮೀಟರ್ ಗಾಳಿಲಿ ಸಿಗೋದು ಸುಮಾರು 125. ಅಷ್ಟೇ, ಮುಂದೆ.

ಈಗ ನನ್ನ ತಲೆ ಕೆಡಿಸಿದ ವಿಷಯ. ಬ್ಯಾಟರಿ ಫುಲ್ ಆದ್ಮೇಲೆ ಸೋಲಾರ್ ಕಂಟ್ರೋಲರ್ (ಬ್ಯಾಟರಿ ಚಾರ್ಜನ್ನ ನೋಡಿಕೊಳ್ಳೋ ಡಬ್ಬ) ಪ್ಯಾನೆಲ್‌ನ ಕಟ್ ಮಾಡಿ ಸುಮ್ನಾಗುತ್ತೆ, ಪ್ಯಾನೆಲ್ ಬಿಸಿಲಲ್ಲಿ ಕಾಯ್ತಾ ಕೂತಿರುತ್ತೆ, ಏನೂ ಆಗಲ್ಲ. ಗಾಳಿ ಟರ್ಬೈನ್‌ಗೂ ಅದೇ ಕಂಟ್ರೋಲರ್ ಸಾಕು ಅಂತ ಡಯಾಗ್ರಾಂ ಬರೆದು ಖುಷಿಪಟ್ಟಿದ್ದೆ. ತಪ್ಪು. ಯಾಕೆ ಅಂತ ಗೊತ್ತಾಗಿದ್ದು ಹಳೇ ಆಟಿಕೆಯ ಮೋಟರ್ ಕೈಲಿ ತಿರುಗಿಸಿದಾಗ: ಎರಡು ವೈರ್ ಬಿಡಿಯಾಗಿದ್ರೆ ಸಲೀಸಾಗಿ ತಿರುಗುತ್ತೆ, ಒಂದಕ್ಕೊಂದು ತಾಗಿಸಿದ್ರೆ ಬೆರಳಿಗೆ ಬಿಗಿ ಹಿಡಿಯುತ್ತೆ. ಅಂದ್ರೆ ಕರೆಂಟ್ ಹರಿದ್ರೇನೇ ಜನರೇಟರ್ ರೆಕ್ಕೆಯನ್ನ ಹಿಡಿದು ನಿಲ್ಲಿಸೋದು, ಲೋಡೇ ಬ್ರೇಕು. ಜೋರು ಗಾಳಿಲಿ ವೈರ್ ಕಟ್ ಮಾಡಿದ್ರೆ ಬ್ರೇಕ್ ಬಿಟ್ಟ ಹಾಗೆ, ರೆಕ್ಕೆ ಹುಚ್ಚೆದ್ದು ತಿರುಗುತ್ತೆ, ವೇಗದ ಜೊತೆ ವೋಲ್ಟೇಜೂ ಏರಿ ಕಂಟ್ರೋಲರ್ ಸುಡುತ್ತೆ, ರೆಕ್ಕೆ ಮುರಿದು ಹಾರಿದ್ರೂ ಹಾರಿತು. ನೀರಿನ ಟರ್ಬೈನಿಗೂ ಇದೇ ಕಥೆ, ವಾಲ್ವ್ ಮುಚ್ಚಿ ನಿಲ್ಲಿಸೋಣ ಅಂದ್ರೂ ನಿಧಾನಕ್ಕೆ ಮುಚ್ಚಬೇಕು, ಗಬಕ್ಕಂತ ಮುಚ್ಚಿದ್ರೆ ಪೈಪೇ ಒಡೀಬಹುದು.

ಅದಕ್ಕೇ ಟರ್ಬೈನ್ ಯಾವಾಗ್ಲೂ ಬ್ಯಾಟರಿಗೆ ಅಂಟಿಕೊಂಡೇ ಇರುತ್ತೆ, ಹೆಚ್ಚಾದ ಕರೆಂಟನ್ನ ಬ್ಯಾಟರಿ ಕಡೆಯಿಂದ ಒಂದು ಹೀಟರಿಗೆ ತಿರುಗಿಸ್ತಾರೆ. ಅದೇ ಡಂಪ್ ಲೋಡ್. ಟರ್ಬೈನ್ ಗರಿಷ್ಠ ಎಷ್ಟು ಕೊಡುತ್ತೋ ಅಷ್ಟನ್ನಾದ್ರೂ ಅದು ನುಂಗಬೇಕು.

ಇಲ್ಲೂ ಎಡವಿದೆ ನಾನು. ಬಕೆಟ್‌ಗೆ ಹಾಕೋ 230 ವೋಲ್ಟ್, 1000 ವ್ಯಾಟ್ ಕಾಯಿಲ್ ಇದ್ರೆ ಆಯ್ತಲ್ಲ ಅಂದ್ಕೊಂಡಿದ್ದೆ. ಲೆಕ್ಕ ನೋಡಿ, ವೋಲ್ಟ್ × ವೋಲ್ಟ್ ÷ ವ್ಯಾಟ್ ಅಂದ್ರೆ ಕಾಯಿಲ್‌ನ ರೆಸಿಸ್ಟೆನ್ಸ್: 230 × 230 ÷ 1000, ಸುಮಾರು 53 ಓಮ್. 24 ವೋಲ್ಟ್ ಬ್ಯಾಂಕ್ ಚಾರ್ಜ್ ಆಗ್ವಾಗ 28 ವೋಲ್ಟ್ ಇರುತ್ತೆ ಅಂತಿಟ್ಕೊಂಡ್ರೆ 28 × 28 ÷ 53, ಬರೀ 15 ವ್ಯಾಟ್! ಸಾವಿರ ಅಂದ್ಕೊಂಡಿದ್ದು ಹದಿನೈದು. 600 ವ್ಯಾಟ್ ಟರ್ಬೈನಿಗೆ ಬೇಕಿರೋದು 28 × 28 ÷ 600, ಅಂದ್ರೆ 1.3 ಓಮ್ ಅಥವಾ ಅದಕ್ಕಿಂತ ಸ್ವಲ್ಪ ಕಮ್ಮಿ, ಅದೂ ಅಷ್ಟು ಬಿಸಿ ತಡೆಯೋ ರೆಸಿಸ್ಟರ್. ನೀರಿನ ಟ್ಯಾಂಕಲ್ಲಿ ಇಟ್ರೆ ಸ್ನಾನಕ್ಕೆ ಬಿಸಿನೀರು ಪುಕ್ಕಟೆ, ಆದ್ರೆ ಟ್ಯಾಂಕ್ ಖಾಲಿಯಾದ ದಿನ ಕಾಯಿಲ್ ಸುಟ್ಟುಹೋದ್ರೆ ಬ್ರೇಕೂ ಹೋಯ್ತು, ಅದಕ್ಕೆ ಗಾಳಿಲಿ ಆರೋ ಇನ್ನೊಂದು ಹೀಟರ್ ಪಕ್ಕದಲ್ಲಿ ಇರಲೇಬೇಕು.