ಹದಿನಾರಕ್ಕೆ ಸಿಗುವ ಎಲ್‌ಎಲ್‌ಆರ್ ಮನೆಯ ಸ್ಕೂಟರಿಗಲ್ಲ

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಪಿಯು ಕಾಲೇಜಿಗೆ ಸೇರುವ ಹೊತ್ತಿಗೆ ತಂದೆ ತಾಯಂದಿರು ಕೇಳುವ ಪ್ರಶ್ನೆ ಬಹುತೇಕ ಒಂದೇ: ‘ಮಗಳಿಗೆ ಹದಿನಾರು ತುಂಬಿತು. ಗೇರ್ ಇಲ್ಲದ ಗಾಡಿಗೆ ಎಲ್‌ಎಲ್‌ಆರ್ ಕೊಡ್ತಾರಂತಲ್ಲ, ಮಾಡಿಸಿಬಿಟ್ಟರೆ ನಮ್ಮ ಸ್ಕೂಟರಲ್ಲೇ ಹೋಗಿ ಬರಬಹುದಲ್ವಾ?’ ಎಲ್‌ಎಲ್‌ಆರ್ ಕೊಡುತ್ತಾರೆ, ನಿಜ. ಆದರೆ ನಿಮ್ಮ ಸ್ಕೂಟರನ್ನು ಅವಳು ರಸ್ತೆಯಲ್ಲಿ ಓಡಿಸುವಂತಿಲ್ಲ. ಈ ಎರಡು ಮಾತೂ ಹೇಗೆ ಒಟ್ಟಿಗೆ ನಿಜ ಎಂಬುದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಸಾಲುತ್ತಿಲ್ಲ. ಆದ್ದರಿಂದ ಇಲ್ಲಿ ನಿಧಾನವಾಗಿಯೇ ಹೇಳುತ್ತೇನೆ.

1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಇದಕ್ಕಿರುವ ವಿನಾಯಿತಿ ಒಂದೇ. ಹದಿನಾರು ತುಂಬಿದವರು ಎಂಜಿನ್ ಸಾಮರ್ಥ್ಯ 50 ಸಿಸಿ ಮೀರದ ದ್ವಿಚಕ್ರ ವಾಹನ ಓಡಿಸಬಹುದು. ಗಮನಿಸಿ, ಈ ಸೆಕ್ಷನ್ನಿನಲ್ಲಿ ಗೇರಿನ ಪ್ರಸ್ತಾಪವೇ ಇಲ್ಲ, ಇರುವುದು ಸಿಸಿಯ ಲೆಕ್ಕ. ಗೇರಿನ ಮಾತು ಬರುವುದು 7ನೇ ಸೆಕ್ಷನ್ನಿನಲ್ಲಿ. ಹದಿನೆಂಟರ ಒಳಗಿನವರು ಗೇರ್ ಇಲ್ಲದ ದ್ವಿಚಕ್ರ ವಾಹನಕ್ಕೆ ಎಲ್‌ಎಲ್‌ಆರ್ ಕೇಳಿದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಲೈಸೆನ್ಸಿನ ಮೇಲೆ ಬರುವ ವರ್ಗದ ಹೆಸರೂ ‘ಗೇರ್ ರಹಿತ’ ಎಂದೇ. ಜನ ಈ ಗೇರನ್ನು ಹಿಡಿದುಕೊಂಡು ಸಿಸಿಯನ್ನು ಬಿಟ್ಟುಬಿಟ್ಟರು. ಎರಡೂ ಷರತ್ತು ಕೂಡಿಬರಬೇಕು: ಗೇರ್ ಇರಬಾರದು, 50 ಸಿಸಿ ದಾಟಬಾರದು.

ಕಾಯ್ದೆ ಬಂದ ಕಾಲದಲ್ಲಿ ಲೂನಾದಂಥ 50 ಸಿಸಿ ಮೊಪೆಡ್‌ಗಳು ಬೀದಿ ತುಂಬ ಇದ್ದವು. ಇವತ್ತು ಮನೆಮನೆಯಲ್ಲಿರುವ ಸ್ಕೂಟರ್ ಸಾಮಾನ್ಯವಾಗಿ 110 ಅಥವಾ 125 ಸಿಸಿಯದು. ಹಳ್ಳಿಗಳಲ್ಲಿ ಮೂಟೆ ಹೊರುವ ಮೊಪೆಡ್ ಕೂಡ 100 ಸಿಸಿಯ ಹತ್ತಿರಕ್ಕೆ ಬಂದಿದೆ. ಅನುಮಾನವಿದ್ದರೆ ಆರ್‌ಸಿ ತೆಗೆದು ಎಂಜಿನ್ ಸಾಮರ್ಥ್ಯದ ಸಾಲು ನೋಡಿ. 50ಕ್ಕಿಂತ ಹೆಚ್ಚಿದ್ದರೆ, ಹದಿನಾರರ ಮಗುವಿನ ಕೈಯಲ್ಲಿ ಎಲ್‌ಎಲ್‌ಆರ್ ಇರಲಿ, ಪೂರ್ಣ ಡಿಎಲ್ಲೇ ಇರಲಿ, ಆ ಗಾಡಿಯ ಮಟ್ಟಿಗೆ ಅದು ಇಲ್ಲದಂತೆಯೇ.

‘ಹಾಗಾದರೆ ಎಲೆಕ್ಟ್ರಿಕ್ ಸ್ಕೂಟರ್?’ ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗದ ಮಿತಿ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕವೂ ನಿಯಮದ ಮಿತಿಯೊಳಗೆ, ಹೀಗಿದ್ದರೆ ಅದನ್ನು ಮೋಟಾರು ವಾಹನವೆಂದೇ ಪರಿಗಣಿಸುವುದಿಲ್ಲ. ಅದಕ್ಕೆ ನೋಂದಣಿಯಾಗಲಿ ಲೈಸೆನ್ಸಾಗಲಿ ಬೇಕಿಲ್ಲ. ಕೊಳ್ಳುವಾಗ ಈ ವಿನಾಯಿತಿಯ ಪ್ರಮಾಣಪತ್ರವನ್ನು ಕೇಳಿ ಪಡೆದುಕೊಳ್ಳಿ. ಆಮೇಲೆ ಮೆಕ್ಯಾನಿಕ್ ಬಳಿ ಒಯ್ದು ವೇಗದ ಮಿತಿ ತೆಗೆಸಿದರೆ ವಿನಾಯಿತಿಯೂ ಹೋಯಿತು. ಹಸಿರು ನಂಬರ್ ಪ್ಲೇಟ್ ಇರುವ ಎಲೆಕ್ಟ್ರಿಕ್ ಸ್ಕೂಟರ್ ಪೂರ್ಣಪ್ರಮಾಣದ ಮೋಟಾರು ವಾಹನ. ಅದಕ್ಕೆ ಸಿಸಿ ಎಂಬುದೇ ಇಲ್ಲವಲ್ಲ, ಹದಿನಾರಕ್ಕೇ ನಡೆದೀತು ಎಂಬ ಊಹೆಯ ಮೇಲೆ ಮಗುವಿನ ಕೈಗೆ ಕೀ ಕೊಡಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ 199ಎ ಸೆಕ್ಷನ್. 2019ರ ತಿದ್ದುಪಡಿಯಲ್ಲಿ ಬಂದ ಇದರ ಪ್ರಕಾರ, ಅಪ್ರಾಪ್ತರು ಈ ಕಾಯ್ದೆಯಡಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಇವೆಲ್ಲಕ್ಕಿಂತ ನನಗೆ ಸಂಕಟವಾಗುವುದು ಕೊನೆಯ ಶಿಕ್ಷೆಯ ಬಗ್ಗೆ: ಆ ಹುಡುಗನಿಗೆ ಅಥವಾ ಹುಡುಗಿಗೆ ಇಪ್ಪತ್ತೈದು ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ಡಿಗ್ರಿ ಮುಗಿಸಿ ಕೆಲಸ ಹುಡುಕುವ ವಯಸ್ಸಿನ ಮಕ್ಕಳಿಗೆ ಇದು ಸಣ್ಣ ಪೆಟ್ಟಲ್ಲ. ‘ನಮಗೆ ಗೊತ್ತಿಲ್ಲದೆ ಗಾಡಿ ತೆಗೆದುಕೊಂಡು ಹೋದ’ ಎಂದು ಪೋಷಕರು ವಾದಿಸಬಹುದು. ಆದರೆ ಕೋರ್ಟು ಒಪ್ಪಿಗೆ ಇತ್ತೆಂದೇ ಹಿಡಿಯುತ್ತದೆ, ಇರಲಿಲ್ಲವೆಂದು ಸಾಬೀತು ಮಾಡಬೇಕಾದವರು ನೀವೇ. ಸ್ಕೂಟರ್ ಸೋದರಮಾವನ ಹೆಸರಿನಲ್ಲಿದ್ದರೆ ಅವರೂ ಸಿಕ್ಕಿಬೀಳುತ್ತಾರೆ.

ಎಲ್‌ಎಲ್‌ಆರ್ ಇರುವ ಮಕ್ಕಳ ಪೋಷಕರಿಗೆ ಇದೇ ಸೆಕ್ಷನ್ನಿನಲ್ಲಿ ರಕ್ಷಣೆ ಇದೆ ಎಂಬುದು ಸುಳ್ಳಲ್ಲ. ಮಗು ಓಡಿಸುತ್ತಿದ್ದುದು ತನಗೆ ಲೈಸೆನ್ಸ್ ಇರುವ ವಾಹನವನ್ನೇ ಆಗಿದ್ದರೆ ಮಾತ್ರ ಆ ರಕ್ಷಣೆ. 110 ಸಿಸಿ ಸ್ಕೂಟರಿನ ಮೇಲೆ ಕೂತ ಹದಿನಾರರ ಮಗುವಿಗೆ ಅದು ಅನ್ವಯಿಸದು.

ಇನ್ನು ಹದಿನೆಂಟರ ಮಾತು. ಅರ್ಜಿ ಹಾಕುವುದು ಹುಟ್ಟಿದ ದಿನ ಕಳೆದ ಮೇಲೆಯೇ, ಒಂದು ವಾರ ಮುಂಚೆ ಹಾಕಲು ಯಾವ ದಾರಿಯೂ ಇಲ್ಲ. ಗೇರ್ ಇರುವ ದ್ವಿಚಕ್ರ ವಾಹನ ಮತ್ತು ಕಾರು ಎರಡಕ್ಕೂ ಒಂದೇ ಅರ್ಜಿಯಲ್ಲಿ ಕೇಳಿ. ಗೇರ್ ರಹಿತ ವರ್ಗ ಮಾತ್ರ ಮಾಡಿಸಿಕೊಂಡವರು ಮುಂದೆ ಬೈಕಿಗೋ ಕಾರಿಗೋ ಮತ್ತೆ ಎಲ್‌ಎಲ್‌ಆರ್, ಮತ್ತೆ ಕಾಯುವಿಕೆ, ಮತ್ತೆ ಪರೀಕ್ಷೆ ಎಂದು ಅಲೆಯಬೇಕಾಗುತ್ತದೆ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ತುಂಬುವುದನ್ನು ಮಕ್ಕಳು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು, ಜನ್ಮದಿನಾಂಕ ಒಂದೇ ಆಗಿವೆಯೇ ಎಂದು ಮೊದಲೇ ನೋಡಿಕೊಂಡರೆ ಸಾಕು.

ಎಲ್‌ಎಲ್‌ಆರ್ ಕೈಗೆ ಬಂದ ದಿನವೇ ಮಗ ಒಬ್ಬನೇ ಟ್ಯೂಷನ್ನಿಗೆ ಹೊರಡುತ್ತಾನೆ. ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಆ ವಾಹನಕ್ಕೆ ಚಾಲ್ತಿಯಲ್ಲಿರುವ ಡಿಎಲ್ ಇರುವವರೊಬ್ಬರು ಕಲಿಸುವವರಾಗಿ ಜೊತೆಗಿರಬೇಕು, ಗಾಡಿಯನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಆಗುವಂತೆ ಕೂತಿರಬೇಕು. ದ್ವಿಚಕ್ರ ವಾಹನದಲ್ಲಿ ಹಿಂದಿನ ಸೀಟಿನಲ್ಲಿ ಅವರು ಬಿಟ್ಟು ಬೇರೆ ಯಾರೂ ಕೂರುವಂತಿಲ್ಲ, ಗೆಳೆಯನಂತೂ ಖಂಡಿತ ಇಲ್ಲ. ಮುಂದೆ ಹಿಂದೆ ಎರಡೂ ಕಡೆ ‘ಎಲ್’ ಫಲಕ ಇರಬೇಕು: ಕನಿಷ್ಠ 18 ಸೆಂ.ಮೀ. ಚೌಕದ ಬಿಳಿ ಹಿನ್ನೆಲೆ, ಅದರಲ್ಲಿ 10 ಸೆಂ.ಮೀ. ಎತ್ತರದ ಕೆಂಪು ಅಕ್ಷರ.

ವಿಮೆಯ ಕಾಗದದಲ್ಲಿ ಚಾಲಕರ ಕುರಿತ ಷರತ್ತನ್ನು ಓದಿ ನೋಡಿ. ಎಲ್‌ಎಲ್‌ಆರ್ ಇರುವವರೂ ಓಡಿಸಬಹುದು, ಆದರೆ 3ನೇ ನಿಯಮವನ್ನು ಪಾಲಿಸುತ್ತಿರಬೇಕು ಎಂದೇ ಅಲ್ಲಿ ಬರೆದಿರುತ್ತದೆ. ಒಬ್ಬನೇ ಹೋಗಿ ಬಿದ್ದರೆ ಗಾಡಿಯ ರಿಪೇರಿ ಹಣ ಸಿಗದೆ ಹೋಗಬಹುದು. ವಯಸ್ಸೇ ಆಗದ, ಲೈಸೆನ್ಸೇ ಇಲ್ಲದ ಮಗು ಯಾರಿಗಾದರೂ ಗುದ್ದಿದ ಪ್ರಕರಣಗಳಲ್ಲಿ, ವಿಮಾ ಕಂಪನಿ ಮೊದಲು ಗಾಯಾಳುವಿಗೆ ಪರಿಹಾರ ಕೊಟ್ಟು ಆ ಮೊತ್ತವನ್ನು ಮಾಲೀಕರಿಂದ ವಸೂಲಿ ಮಾಡಲಿ ಎಂದು ಕೋರ್ಟುಗಳು ಆದೇಶಿಸಿರುವುದುಂಟು. ಪ್ರಕರಣದಿಂದ ಪ್ರಕರಣಕ್ಕೆ ವ್ಯತ್ಯಾಸವಿರುತ್ತದೆ, ನಿಮ್ಮದನ್ನು ವಕೀಲರ ಬಳಿ ಕೇಳಿಯೇ ತಿಳಿಯಬೇಕು. ಆದರೆ ಸಾವು ಅಥವಾ ಶಾಶ್ವತ ಅಂಗವೈಕಲ್ಯದ ಪರಿಹಾರ ಲಕ್ಷಗಳಲ್ಲಿರುತ್ತದೆ, ಮನೆ ಸೈಟು ಮಾರುವ ಸ್ಥಿತಿ ಬರಬಹುದು.

ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಪಡೆದು ಮೂವತ್ತು ದಿನ ಆಗದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಆದರೂ ಐದನೇ ತಿಂಗಳವರೆಗೆ ಸುಮ್ಮನಿದ್ದು ಸ್ಲಾಟ್ ಸಿಗದೆ ಒದ್ದಾಡುವವರೇ ಹೆಚ್ಚು. ಎರಡನೇ ತಿಂಗಳಲ್ಲೇ ದಿನ ಹಿಡಿಯಿರಿ. ಅಷ್ಟರಲ್ಲಿ ಕಾರಿಗೆ ತರಬೇತಿ ಶಾಲೆ ಸೇರಿದ್ದರೆ, ನಿಯಮದ ಪ್ರಕಾರ ಕನಿಷ್ಠ 21 ದಿನ ಮತ್ತು 10 ಗಂಟೆ ಸ್ಟೀರಿಂಗ್ ಹಿಡಿದು ಓಡಿಸಿರಬೇಕು. ಪಕ್ಕದಲ್ಲಿ ಕೂತು ನೋಡಿದ್ದು ಲೆಕ್ಕಕ್ಕಿಲ್ಲ.

ಪರೀಕ್ಷೆಯ ದಿನ ಮಕ್ಕಳು ಸೋಲುವುದಕ್ಕಿಂತ ಮೊದಲು ಕಾಗದಗಳು ಸೋಲುತ್ತವೆ. ತೆಗೆದುಕೊಂಡು ಹೋಗುವ ಗಾಡಿಯ ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್ ಮೂರೂ ಚಾಲ್ತಿಯಲ್ಲಿರಲಿ. ‘8’ ಹಾಕುವಾಗ ಕಾಲು ನೆಲಕ್ಕೆ ತಾಗಲು ಮುಖ್ಯ ಕಾರಣ, ಮುಂದಿನ ಚಕ್ರವನ್ನೇ ನೋಡುತ್ತಾ ಓಡಿಸುವುದು. ಕಣ್ಣು ಹೋಗಬೇಕಾದ ತಿರುವಿನ ಕಡೆ ಇರಲಿ. ಆಕ್ಸಲರೇಟರ್ ಒಂದೇ ಸಮ ಹಿಡಿದು ವೇಗವನ್ನು ಹಿಂದಿನ ಬ್ರೇಕಿನಿಂದ ಮೆಲ್ಲಗೆ ತಗ್ಗಿಸಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಒತ್ತಿದರೆ ಗಾಡಿ ಮಗುಚುತ್ತದೆ. ಕಾರಿನಲ್ಲಿ ಹೆಚ್ಚು ಮಂದಿ ತಪ್ಪುವುದು ಏರಿನಲ್ಲಿ. ಹ್ಯಾಂಡ್‌ಬ್ರೇಕ್ ಹಾಕಿ, ಕ್ಲಚ್ಚನ್ನು ಎಂಜಿನ್ ಸದ್ದು ಇಳಿಯುವವರೆಗೆ ಬಿಟ್ಟು, ಆಮೇಲೆ ಬ್ರೇಕ್ ಸಡಿಲಿಸುವುದನ್ನು ಕೈಗೆ ಕೂರುವವರೆಗೆ ಅಭ್ಯಾಸ ಮಾಡಿಸಿ.

ನಪಾಸಾದರೆ ಏಳು ದಿನದ ನಂತರ ಮತ್ತೆ ಹೋಗಬಹುದು. ಮೂರು ಸಲ ನಪಾಸಾದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. ಪಾಸಾದ ಹದಿನೆಂಟರ ಮಗುವಿನ ಡಿಎಲ್ ನಲವತ್ತು ವರ್ಷ ತುಂಬುವವರೆಗೆ ಇರುತ್ತದೆ. ಅದರಲ್ಲಿ ನಮೂದಾಗಿರುವ ವಾಹನ ವರ್ಗಗಳನ್ನು ಕಾರ್ಡ್ ಕೈಗೆ ಬಂದ ದಿನವೇ ಪರಿಶೀಲಿಸಿ. ಎರಡಕ್ಕೆ ಪರೀಕ್ಷೆ ಕೊಟ್ಟು ಒಂದೇ ಮುದ್ರಣವಾಗಿದ್ದರೆ ಆಗಲೇ ಆರ್‌ಟಿಒಗೆ ಬರೆದು ಕೊಡಿ.