ಒಂಬತ್ತು ಸ್ವರ, ಅರವತ್ತೇಳು ಸಾವಿರ ಗಂಟಲು

ಎಡಿನ್‌ಬರೋದಲ್ಲಿ ನಾನು ಹಾಡು ಕಲಿಸುವ ತಂಡದಲ್ಲಿ ಮೂವತ್ತು ಚಿಲ್ಲರೆ ಜನ ಇದ್ದಾರೆ. ಒಬ್ಬರು ನಿವೃತ್ತ ನರ್ಸು, ಒಬ್ಬರು ಬಸ್ ಡ್ರೈವರು, ಇಬ್ಬರು ವಕೀಲರು, ಕಾಲೇಜು ಹುಡುಗರು ನಾಲ್ಕೈದು ಮಂದಿ. ಯಾರೂ ಸಂಗೀತ ಕಲಿತವರಲ್ಲ. ವಾರಕ್ಕೊಂದು ಸಂಜೆ ಸೇರುತ್ತೇವೆ, ಹಾಡುತ್ತೇವೆ, ಟೀ ಕುಡಿದು ಮನೆಗೆ ಹೋಗುತ್ತೇವೆ. ಒಂದು ದಿನ ಟೀ ಹೊತ್ತಿನಲ್ಲಿ ಮಾತು ಎದ್ದಿತು: ಸ್ಕಾಟ್ಲೆಂಡಿನ ರಾಷ್ಟ್ರಗೀತೆ ಯಾವುದಾಗಬೇಕು? ಐದು ನಿಮಿಷದಲ್ಲಿ ಐದು ಹಾಡು ಬಂದವು. ಹತ್ತನೇ ನಿಮಿಷಕ್ಕೆ ಜಗಳ. ಕೊನೆಗೆ ಡ್ರೈವರು ನನ್ನ ಕಡೆ ತಿರುಗಿ, "ನೀವು ಹೊರಗಿನವರು. ನಿಮಗೆ ಪಕ್ಷ ಇಲ್ಲ. ನೀವೇ ಹೇಳಿ" ಅಂದರು.

ಹೊರಗಿನವಳು ಅನ್ನೋದು ಪೂರ್ತಿ ನಿಜವಲ್ಲ. ನನ್ನ ಊರು ಶ್ರೀರಂಗಪಟ್ಟಣ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಸ್ಕಾಟ್ಲೆಂಡಿಗೆ ಕಾನೂನಿನ ಪ್ರಕಾರ ಸ್ವಂತ ರಾಷ್ಟ್ರಗೀತೆ ಇಲ್ಲ. ಬ್ರಿಟನ್ನಿಗೆ 'ಗಾಡ್ ಸೇವ್ ದ ಕಿಂಗ್' ಇದೆ. ಅದನ್ನೇ ಇಂಗ್ಲೆಂಡಿನ ಫುಟ್ಬಾಲ್, ರಗ್ಬಿ ತಂಡಗಳೂ ತಮ್ಮದಾಗಿ ಹಾಡುತ್ತವೆ. ಇಂಗ್ಲೆಂಡ್ ವಿರುದ್ಧ ಆಡಲು ನಿಂತಾಗ ಎದುರಾಳಿಯ ಹಾಡನ್ನೇ ನಮ್ಮದು ಅನ್ನೋದು ಹೇಗೆ? 1970, 80ರ ದಶಕಗಳಲ್ಲಿ ಗ್ಲಾಸ್ಗೋದ ಹ್ಯಾಂಪ್ಡನ್ ಮೈದಾನದಲ್ಲಿ ಆ ಹಾಡು ಶುರುವಾದರೆ ಜನ ಕೂಗಿ ಮುಚ್ಚಿಹಾಕುತ್ತಿದ್ದರು. ಹಳೆಯ ಸಿಟ್ಟೂ ಇದೆ. ಗದ್ದುಗೆ ಕಳೆದುಕೊಂಡ ಸ್ಟುವರ್ಟ್ ರಾಜಮನೆತನವನ್ನು ಮತ್ತೆ ತರಲು ಎದ್ದ 1745ರ ಜಾಕೊಬೈಟ್ ದಂಗೆಯ ಕಾಲದಲ್ಲಿ, ದಂಗೆಯೆದ್ದ ಸ್ಕಾಟರನ್ನು ಹೊಸಕಿಹಾಕಲಿ ಎಂಬ ಅರ್ಥದ ಚರಣವೊಂದು ಆ ಹಾಡಿಗೆ ಅಂಟಿಕೊಂಡಿತ್ತು. ಈಗ ಅದನ್ನು ಯಾರೂ ಹಾಡುವುದಿಲ್ಲ. ಆದರೆ ಇಲ್ಲಿ ಯಾರೂ ಮರೆತೂ ಇಲ್ಲ.

ನಾನು ಇತಿಹಾಸ ಬಲ್ಲವಳಲ್ಲ, ಗಂಟಲು ಬಲ್ಲವಳು. ಹಾಗಾಗಿ ನನ್ನ ಪರೀಕ್ಷೆ ಸರಳ. ತಂಡಕ್ಕೆ ಮೊದಲ ಚರಣ ಪಿಯಾನೋ ಜೊತೆ ಹಾಡಿಸುತ್ತೇನೆ. ಎರಡನೆಯದಕ್ಕೆ ಪಿಯಾನೋ ನಿಲ್ಲಿಸುತ್ತೇನೆ. ಮುಗಿದ ಮೇಲೆ ಷಡ್ಜ, ಅಂದರೆ 'ಸ', ಒತ್ತಿ ನೋಡುತ್ತೇನೆ, ಶ್ರುತಿ ಎಷ್ಟು ಇಳಿದಿದೆ ಅಂತ. ಎಲ್ಲಿ ಉಸಿರು ತುಂಡಾಯಿತು, ಯಾವ ಮಾತಿಗೆ ಬಾಯಿ ಸುಮ್ಮನೆ ಆಡಿತು, ಯಾರು ಮೇಲಿನ ಸ್ವರ ಬಿಟ್ಟು ಕೆಳಗಿಳಿದರು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ರಾಷ್ಟ್ರಗೀತೆ ಹಾಡುವವರು ಚಳಿಯಲ್ಲಿ ನಿಂತವರು, ಸಾಧನೆ ಮಾಡದವರು, ಕೆಲವರು ಎರಡು ಬಿಯರ್ ಕುಡಿದವರು. ಅಮೆರಿಕದ ರಾಷ್ಟ್ರಗೀತೆಯ ಹರಹು ಒಂದೂವರೆ ಸ್ಥಾಯಿ, ಅಂದರೆ ಒಂದು 'ಸ'ದಿಂದ ಮೇಲಿನ 'ಸ' ದಾಟಿ ಇನ್ನೂ ಅರ್ಧದಷ್ಟು. ಅಲ್ಲಿ ಒಬ್ಬ ಗಾಯಕಿಯನ್ನು ಮೈಕಿನ ಮುಂದೆ ನಿಲ್ಲಿಸಿ ಜನ ಎದೆಯ ಮೇಲೆ ಕೈಯಿಟ್ಟು ಕೇಳುತ್ತಾರೆ. ಕೇಳದೆ ಇನ್ನೇನು ಮಾಡುತ್ತಾರೆ ಪಾಪ, ಆ ಹಾಡು ಮೈಮರೆತು ಹಾಡುವಂಥದ್ದಲ್ಲ.

ಸ್ಕಾಟರಿಗೆ ಈ ತೊಂದರೆ ಕಡಿಮೆ. ಕಾರಣ ಬ್ಯಾಗ್‌ಪೈಪು. ಅದಕ್ಕೆ ಇರೋದು ಒಂಬತ್ತೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳಿದರೆ ಮಂದ್ರ ನಿಷಾದದಿಂದ (ಕೆಳಗಿನ 'ನಿ') ತಾರ ಷಡ್ಜದವರೆಗೆ (ಮೇಲಿನ 'ಸ'). ಸ್ವರಗಳು ಹೆಚ್ಚುಕಡಿಮೆ ಹರಿಕಾಂಭೋಜಿ ರಾಗದವು, ನಿಷಾದ ಕೈಶಿಕಿ, ಅಂದರೆ ತುಸು ಇಳಿದ 'ನಿ'. ಹಿನ್ನೆಲೆಯಲ್ಲಿ ಡ್ರೋನ್ ಎಂಬ ಕೊಳವೆಗಳು ತಂಬೂರಿಯ ಹಾಗೆ ಒಂದೇ ಶ್ರುತಿಯನ್ನು ಹಿಡಿದಿರುತ್ತವೆ. ಈ ವಾದ್ಯಕ್ಕೆ ಮೆಲ್ಲಗೆ, ಜೋರಾಗಿ ಎಂಬ ಭೇದ ಇಲ್ಲ. ನಡುವೆ ನಿಲ್ಲಿಸುವಂತೆಯೂ ಇಲ್ಲ, ಚೀಲದಲ್ಲಿ ಗಾಳಿ ಇರುವವರೆಗೆ ನಾದ ಹರಿಯುತ್ತಲೇ ಇರುತ್ತದೆ. ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಮಿಂಚಿನಂಥ ಒಂದು ಹನಿಸ್ವರ ಹಾಕಿ ಬಿಡಿಸಬೇಕು. ಈ ಒಂಬತ್ತು ಸ್ವರದೊಳಗೆ ಕೂರುವ ಹಾಡು ಸಾಮಾನ್ಯ ಗಂಟಲಿಗೂ ಕೂರುತ್ತದೆ. ಒಂದೇ ಕಷ್ಟ, ಪೈಪಿನ ಶ್ರುತಿ. ಅದು ಹಾರ್ಮೋನಿಯಂನ ಐದನೇ ಕಪ್ಪು ಮನೆಯ ಸ್ವರಕ್ಕಿಂತ ಚೂರು ಮೇಲೆ. ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಹಾಡುವವರು ಅಲ್ಲಿಗೇ ಬರಬೇಕು.

ಈಗ ಆ ಐದು ಹಾಡುಗಳು.

'ಸ್ಕಾಟ್ಲೆಂಡ್ ದ ಬ್ರೇವ್' ನಿಮಗೂ ಗೊತ್ತಿರುತ್ತದೆ. ಬ್ಯಾಗ್‌ಪೈಪ್ ಅಂದ ತಕ್ಷಣ ಕಿವಿಗೆ ಬರುವ ಧಾಟಿ ಅದೇ. ನಡಿಗೆಗೆ ಸೊಗಸಾದ ಧಾಟಿ. ಆದರೆ ಸಾಹಿತ್ಯ ಬಂದದ್ದು 1950ರ ದಶಕದ ಸುಮಾರಿಗೆ, ಕ್ಲಿಫ್ ಹ್ಯಾನ್ಲಿ ಎಂಬ ಪತ್ರಕರ್ತರು ಬರೆದದ್ದು. ನಮ್ಮ ತಂಡದಲ್ಲಿ ಎರಡನೇ ಸಾಲು ದಾಟಿದವರು ಮೂವರು. ಉಳಿದವರು ಲಲಲ.

'ಹೈಲ್ಯಾಂಡ್ ಕೆಥೆಡ್ರಲ್' ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮದುವೆಗಳಲ್ಲಿ ನುಡಿಸುತ್ತಾರೆ, ಜನ ಕಣ್ಣೊರೆಸಿಕೊಳ್ಳುತ್ತಾರೆ. ಎಷ್ಟೋ ಜನ ಅದನ್ನು ಶತಮಾನಗಳ ಹಿಂದಿನದು ಅಂದುಕೊಂಡಿದ್ದಾರೆ. 1982ರಲ್ಲಿ ಇಬ್ಬರು ಜರ್ಮನ್ನರು ಮಾಡಿದ್ದು ಅದು, ಉಲ್ರಿಚ್ ರೋವರ್ ಮತ್ತು ಮೈಕೆಲ್ ಕೋರ್ಬ್! ಇದನ್ನು ಹೇಳಿದಾಗ ನರ್ಸಮ್ಮನವರ ಮುಖ ನೋಡಬೇಕಿತ್ತು. ಜರ್ಮನ್ನರು ಮಾಡಿದ್ದು ನನ್ನ ಕಣ್ಣಿಗೆ ದೋಷವಲ್ಲ. ಎಲ್ಲರ ಬಾಯಲ್ಲಿ ನಿಂತ ಸಾಹಿತ್ಯ ಅದಕ್ಕಿಲ್ಲ, ಅದೇ ತೊಡಕು.

'ಸ್ಕಾಟ್ಸ್ ವಾ ಹೇ' ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1793ರಲ್ಲಿ ಬರೆದದ್ದು. ಇಂಗ್ಲೆಂಡಿನ ವಿರುದ್ಧದ ಬ್ಯಾನಕ್‌ಬರ್ನ್ ಯುದ್ಧಕ್ಕೆ ಮುಂಚೆ ದೊರೆ ರಾಬರ್ಟ್ ಬ್ರೂಸ್ ತನ್ನ ಸೈನಿಕರಿಗೆ ಆಡಿದ ಮಾತು ಎಂಬಂತೆ ಇದೆ. ಬರ್ನ್ಸ್ ಬಳಸಿಕೊಂಡ ಹಳೆಯ ಧಾಟಿಯನ್ನು ಬ್ರೂಸನ ಸೇನೆ ನುಡಿಸಿತ್ತು ಎಂದು ಜನ ಹೇಳಿಕೊಂಡು ಬಂದಿದ್ದಾರೆ. ಹಾಡಲು ಗಟ್ಟಿಯಾಗಿದೆ. ಆದರೆ ರಕ್ತ, ಸಂಕೋಲೆ, ಸಾವು ಜಾಸ್ತಿ. ಜೊತೆಗೆ ಸ್ಕಾಟ್ಲೆಂಡ್ ಸ್ವತಂತ್ರವಾಗಬೇಕು ಎನ್ನುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯವರು ತಮ್ಮ ಸಮ್ಮೇಳನದ ಕೊನೆಯಲ್ಲಿ ಅದನ್ನೇ ಹಾಡುವ ರೂಢಿ. ಒಂದು ಪಕ್ಷದ ಬಾಯಲ್ಲಿ ಕೂತ ಹಾಡನ್ನು ಇನ್ನೊಂದು ಪಕ್ಷದವರು ಎದ್ದು ನಿಂತು ಹಾಡುವುದು ಕಷ್ಟ.

ಬರ್ನ್ಸರದ್ದೇ ಇನ್ನೊಂದು, 'ಎ ಮ್ಯಾನ್ಸ್ ಎ ಮ್ಯಾನ್ ಫಾರ್ ಆ ದಟ್', 1795ರದ್ದು. ಪದವಿ, ಹಣ, ರೇಷ್ಮೆ ಬಟ್ಟೆ ಏನೇ ಇರಲಿ, ಮನುಷ್ಯ ಮನುಷ್ಯನೇ ಎನ್ನುವ ಹಾಡು. 1999ರ ಜುಲೈ 1ರಂದು ಸ್ಕಾಟ್ಲೆಂಡಿನ ಹೊಸ ಸಂಸತ್ತು ಉದ್ಘಾಟನೆಯಾದಾಗ ಶೀನಾ ವೆಲಿಂಗ್ಟನ್ ಎಂಬ ಜನಪದ ಗಾಯಕಿ ವಾದ್ಯವಿಲ್ಲದೆ ಅದನ್ನು ಹಾಡಿದರು. ರಾಣಿ ಎದುರಿಗೇ ಕೂತಿದ್ದರು. ಕೊನೆಯ ಚರಣಕ್ಕೆ ಸದಸ್ಯರೂ ದನಿಗೂಡಿಸಿದರು. ಅರಸೊತ್ತಿಗೆಯ ಮುಂದೆ, ಬಿರುದು ಬಾವಲಿಗೆ ಬೆಲೆಯಿಲ್ಲ ಎನ್ನುವ ಹಾಡು! ಅರ್ಥದ ಲೆಕ್ಕದಲ್ಲಿ ಇದಕ್ಕೆ ಮೊದಲ ಬಹುಮಾನ. ಗಂಟಲಿನ ಲೆಕ್ಕದಲ್ಲಿ ಅಲ್ಲ. ಮಾತು ಮಾತಿಗೆ ಸ್ವರ, ಸ್ವರಕ್ಕೆ ಮಾತು ಒತ್ತಿಕೊಂಡಿವೆ. ಉಸಿರಿಗೆ ಜಾಗ ಕಡಿಮೆ. ಐದು ಚರಣ, ಅದೂ ಹಳೆಯ ಸ್ಕಾಟ್ಸ್ ನುಡಿಯಲ್ಲಿ. ಶೀನಾ ಅವರಂಥವರು ಒಬ್ಬರೇ ಹಾಡಿದಾಗ ಅದು ಬೆಳಗುತ್ತದೆ. ಜನ ಹಿಡಿದುಕೊಳ್ಳೋದು 'ಫಾರ್ ಆ ದಟ್' ಎಂಬ ಪಲ್ಲವಿಯ ತುಣುಕನ್ನು ಮಾತ್ರ.

ಉಳಿದದ್ದು 'ಫ್ಲವರ್ ಆಫ್ ಸ್ಕಾಟ್ಲೆಂಡ್'. ಇದರ ಕಥೆ ಸ್ವಲ್ಪ ಉದ್ದ.

1960ರ ದಶಕದಲ್ಲಿ 'ದ ಕೋರೀಸ್' ಎಂಬ ಜನಪದ ಜೋಡಿಯ ರಾಯ್ ವಿಲಿಯಮ್ಸನ್ ಇದನ್ನು ಕಟ್ಟಿದರು. ಸಾಹಿತ್ಯ, ಧಾಟಿ ಎರಡೂ ಅವರವೇ. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲೆಂಡಿನ ಎರಡನೇ ಎಡ್ವರ್ಡನ ಸೇನೆಯನ್ನು ಹಿಮ್ಮೆಟ್ಟಿಸಿದ್ದು ವಸ್ತು. ಅಧಿಕಾರಸ್ಥರು ಯಾರೂ ಬರೆಸಿದ್ದಲ್ಲ. 1974ರಲ್ಲಿ ಬ್ರಿಟನ್, ಐರ್ಲೆಂಡಿನ ಜಂಟಿ ರಗ್ಬಿ ತಂಡ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಬಿಲ್ಲಿ ಸ್ಟೀಲ್ ಎಂಬ ಸ್ಕಾಟ್ ಆಟಗಾರ ಇದನ್ನು ಹಾಡಿಸುತ್ತಿದ್ದರು. ಅಲ್ಲಿಂದ ರಗ್ಬಿಯವರ ಬಾಯಿಗೆ ಬಿತ್ತು.

ಆಮೇಲೆ 1990ರ ಮಾರ್ಚ್ 17. ಎಡಿನ್‌ಬರೋದ ಮರ್ರಿಫೀಲ್ಡ್ ರಗ್ಬಿ ಮೈದಾನ. ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡೂ ಆ ವರ್ಷ ಸೋಲದೆ ಬಂದಿದ್ದವು. ಈ ಎರಡು ತಂಡ ಆಡುವುದು ಕಲ್ಕತ್ತಾ ಕಪ್‌ಗಾಗಿ. ಹೌದು, ನಮ್ಮ ಕಲ್ಕತ್ತವೇ. ಅಲ್ಲಿನ ಬ್ರಿಟಿಷರ ಕ್ಲಬ್ಬೊಂದು ಮುಚ್ಚುವಾಗ ಉಳಿದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿಸಿದ ಕಪ್ಪು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ಇರಲಿ. ಅಂದು ಸ್ಕಾಟ್ಲೆಂಡಿನ ನಾಯಕ ಡೇವಿಡ್ ಸೋಲ್ ತಂಡವನ್ನು ಓಡಿಸಿಕೊಂಡು ಬರಲಿಲ್ಲ, ನಿಧಾನಕ್ಕೆ ನಡೆಸಿಕೊಂಡು ಬಂದರು. ಜನ 'ಫ್ಲವರ್ ಆಫ್ ಸ್ಕಾಟ್ಲೆಂಡ್' ಹಾಡಿದರು. ಸ್ಕಾಟ್ಲೆಂಡ್ 13-7ರಲ್ಲಿ ಗೆದ್ದಿತು. ಅದೇ ವರ್ಷ ವಿಲಿಯಮ್ಸನ್ ತೀರಿಕೊಂಡರು.

ಮುಂದೆ ಫುಟ್ಬಾಲಿನವರೂ ಇದನ್ನೇ ತೆಗೆದುಕೊಂಡರು. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮೊದಲು 'ಸ್ಕಾಟ್ಲೆಂಡ್ ದ ಬ್ರೇವ್' ನುಡಿಸುತ್ತಿದ್ದರು. ಕ್ರೀಡಾಪಟುಗಳನ್ನೇ ಕೇಳಿ ಅದನ್ನು ಬದಲಿಸಿದರು. 2010ರಲ್ಲಿ ದೆಹಲಿಯಲ್ಲಿ ಪದಕ ಗೆದ್ದ ಸ್ಕಾಟರಿಗೆ ನುಡಿಸಿದ್ದು 'ಫ್ಲವರ್ ಆಫ್ ಸ್ಕಾಟ್ಲೆಂಡ್'. ಅದಕ್ಕೂ ಮುಂಚೆ, 2006ರಲ್ಲಿ ರಾಯಲ್ ಸ್ಕಾಟಿಷ್ ನ್ಯಾಷನಲ್ ಆರ್ಕೆಸ್ಟ್ರಾ ಆನ್‌ಲೈನ್‌ನಲ್ಲಿ ಜನರ ಮತ ಕೇಳಿತ್ತು. ಇದಕ್ಕೆ ಶೇ. 41, 'ಸ್ಕಾಟ್ಲೆಂಡ್ ದ ಬ್ರೇವ್'ಗೆ ಶೇ. 29.

ದೋಷ ಇಲ್ಲವೇ? ಇದೆ. ಇದರಲ್ಲಿ ಒಂದು ಸ್ವರ ಪೈಪಿನ ಮಾಮೂಲಿ ಬೆರಳಿಗೆ ಸಿಗುವುದಿಲ್ಲ. ಈ ಹಾಡಿನ ಷಡ್ಜ ಪೈಪಿನ ಷಡ್ಜವಲ್ಲ, ಹಾಗಾಗಿ ಇದರ ಕೈಶಿಕಿ ನಿಷಾದವೂ ಪೈಪಿನದಲ್ಲ. ಎಡ್ವರ್ಡನ ಎದುರು ನಿಂತ ಮಾತು ಬರುವಲ್ಲಿ ಧಾಟಿ ತಟ್ಟನೆ ಆ ಕೈಶಿಕಿ ನಿಷಾದಕ್ಕೆ ಬಾಗುತ್ತದೆ. ಆ ಬಾಗು ಹಾಡಿನ ಜೀವ. ಪೈಪಿನವರು ಅದಕ್ಕೆ ಅಡ್ಡಬೆರಳು ಹಾಕಬೇಕು, ಇಲ್ಲವೇ ಪಕ್ಕದ ಸ್ವರದಲ್ಲಿ ಸುಧಾರಿಸಿಕೊಳ್ಳಬೇಕು. ಜನ ಒಂದು ಹಾಡುತ್ತಾರೆ, ವಾದ್ಯ ಇನ್ನೊಂದು ನುಡಿಸುತ್ತದೆ. ನನಗೆ ಅದು ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗೆ. ಇನ್ನು ಧಾಟಿ ಎಳೆಯುತ್ತದೆ ಅನ್ನುವ ದೂರು. ಇದನ್ನು ನಾನು ಒಪ್ಪುವುದಿಲ್ಲ. ಮರ್ರಿಫೀಲ್ಡ್‌ನಲ್ಲಿ ಅರವತ್ತೇಳು ಸಾವಿರ ಜನ ಕೂರುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೈದಾನದ ಈ ತುದಿಯ ದನಿ ಆ ತುದಿ ಸೇರಲು ಸೆಕೆಂಡಿನ ಮೂರನೇ ಒಂದು ಭಾಗವಾದರೂ ಬೇಕು. ಚುರುಕಾದ ಹಾಡಾದರೆ ಅಷ್ಟರಲ್ಲಿ ಒಂದು ಮಾತೇ ಹೋಗಿಬಿಟ್ಟಿರುತ್ತದೆ, ಕಲಸುಮೇಲೋಗರ. ನಿಧಾನದ ಹಾಡು ಈ ತಡವನ್ನು ನುಂಗಿಕೊಳ್ಳುತ್ತದೆ. ಅಲ್ಲಿ ಮೊದಲ ಚರಣ ಆದ ಮೇಲೆ ಪೈಪು ನಿಲ್ಲಿಸುತ್ತಾರೆ. ಜನ ಬರಿ ಬಾಯಲ್ಲಿ ಮುಂದಿನದನ್ನು ಹಾಡುತ್ತಾರೆ. ಆ ನಿಷಾದ ಆಗ ಸರಿಯಾಗಿ ಬೀಳುತ್ತದೆ, ಕೇಳಿ ನೋಡಿ.

ಸಾಹಿತ್ಯದ ಆಕ್ಷೇಪಣೆ ಬೇರೆ. ಏಳು ನೂರು ವರ್ಷದ ಹಿಂದೆ ಇಂಗ್ಲಿಷರನ್ನು ಸೋಲಿಸಿದ್ದೇ ನಮ್ಮ ಗುರುತೇ ಎಂದು ನಮ್ಮ ತಂಡದ ವಕೀಲರೊಬ್ಬರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಆದರೆ ಸಾಮಾನ್ಯವಾಗಿ ಹಾಡುವ ಎರಡನೇ ಭಾಗ, ಅಂದರೆ ಮೂಲದ ಮೂರನೇ ಚರಣ, ಆ ದಿನಗಳು ಕಳೆದವು, ಅವು ಅಲ್ಲೇ ಇರಲಿ ಎಂದೇ ಶುರುವಾಗುತ್ತದೆ. ಕೂಗಾಡುವವರು ಅದನ್ನೂ ಕೂಗಿಯೇ ಹಾಡುತ್ತಾರೆ, ಅದು ಬೇರೆ ಮಾತು.

ಈಗ ಶ್ರೀರಂಗಪಟ್ಟಣ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿ, ಟಿಪ್ಪುವಿನ ಸೇನೆಗೆ ಸೆರೆಸಿಕ್ಕ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಮೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮೂರಿನ ಸೆರೆಯಲ್ಲಿದ್ದ. 1799ರಲ್ಲಿ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ಹೈಲ್ಯಾಂಡ್ ರೆಜಿಮೆಂಟುಗಳೂ ಅಲ್ಲಿದ್ದವು. ಹಾಗಾಗಿ 'ಇಂಗ್ಲಿಷರ ಕೈಯಲ್ಲಿ ನೊಂದ ಪುಟ್ಟ ನಾಡು' ಎಂಬ ಭಾವದ ಹಾಡು ಕೇಳುವಾಗ ನನಗೆ ಒಳಗೊಳಗೇ ನಗು ಬರುತ್ತದೆ. ಇದನ್ನು ಹಾಡಿನಲ್ಲೇ ಹೇಳಿದ ಸ್ಕಾಟ್ ಒಬ್ಬರಿದ್ದಾರೆ, ಹೇಮಿಷ್ ಹೆಂಡರ್ಸನ್. ಅವರ 'ಫ್ರೀಡಂ ಕಮ್ ಆಲ್ ಯೀ' 1960ರದ್ದು, ಮೊದಲ ಮಹಾಯುದ್ಧದ ಪೈಪು ಧಾಟಿಯೊಂದರ ಮೇಲೆ ಕೂರಿಸಿದ್ದು. ನಮ್ಮ ಹುಡುಗರು ಇನ್ನು ಪೈಪು ನುಡಿಸುತ್ತ ಹೊರದೇಶಗಳ ಮೇಲೆ ಯುದ್ಧಕ್ಕೆ ಹೋಗುವುದು ಬೇಡ, ನಾವು ದೋಚಿದ ನಾಡುಗಳ ಒಡೆದ ಮನೆಗಳು ನಮ್ಮನ್ನು ಶಪಿಸುವುದು ಬೇಡ ಎನ್ನುತ್ತದೆ ಅದು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ ಉದ್ಘಾಟನೆಯಲ್ಲಿ ದಕ್ಷಿಣ ಆಫ್ರಿಕಾದ ಪುಮೇಝಾ ಮಾಟ್ಶಿಕಿಝಾ ಹಾಡಿದರು. ನನ್ನ ಮನಸ್ಸು ಈ ಹಾಡಿನ ಕಡೆಗೇ. ಆದರೆ ಇದನ್ನು ರಾಷ್ಟ್ರಗೀತೆ ಮಾಡುವುದು ಸ್ವತಃ ಹೆಂಡರ್ಸನ್‌ಗೇ ಬೇಕಿರಲಿಲ್ಲ. ತಂಡದಲ್ಲಿ ಹಾಡಿಸಿದಾಗ ಅರ್ಧ ಜನಕ್ಕೆ ಆ ಗಟ್ಟಿ ಸ್ಕಾಟ್ಸ್ ನುಡಿಯ ಅರ್ಥ ನಾನು ಹೇಳಿಕೊಡಬೇಕಾಯಿತು. ಮಂಡ್ಯ ಸೀಮೆಯವಳು, ಎಡಿನ್‌ಬರೋದವರಿಗೆ!

ಹಾಗಾದರೆ ನನ್ನ ಉತ್ತರ? 'ಫ್ಲವರ್ ಆಫ್ ಸ್ಕಾಟ್ಲೆಂಡ್' ಅಂದೆ. ಆದರೆ ಕಾನೂನಿನಲ್ಲಿ ಬರೆಯಬೇಡಿ ಅಂದೆ.

ಡ್ರೈವರಿಗೆ ಸಮಾಧಾನವಾಗಲಿಲ್ಲ. ನಮ್ಮ ಊರಿನ ಕಥೆ ಹೇಳಿದೆ. ಕರ್ನಾಟಕಕ್ಕೆ ನಾಡಗೀತೆ ಇದೆ, ಕುವೆಂಪು ಅವರದ್ದು. ಭಾರತದ ಮಗಳಾಗಿ ಕರ್ನಾಟಕವನ್ನು ಕಾಣುವ ಹಾಡು, ಒಂದು ದೇಶದೊಳಗಿನ ನಾಡಿಗೆ ಹೇಗೆ ಹಾಡಬೇಕು ಎಂಬುದಕ್ಕೆ ಒಳ್ಳೆಯ ಮಾದರಿ. ಸಾಹಿತ್ಯದ ಬಗ್ಗೆ ಅಷ್ಟು ತಕರಾರಿಲ್ಲ. ಆದರೆ ಮೈಸೂರು ಅನಂತಸ್ವಾಮಿಯವರ ಧಾಟಿಯೋ, ಸಿ. ಅಶ್ವತ್ಥ್ ಅವರ ಧಾಟಿಯೋ, ಎಷ್ಟು ಚರಣ, ಎಷ್ಟು ಹೊತ್ತು ಎಂದು ವರ್ಷಗಟ್ಟಲೆ ಜಗ್ಗಾಟ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಆದೇಶ ಮಾಡಿತು. ನಮಗೆ ಅದು ಬೇಕಿತ್ತು, ಯಾಕೆಂದರೆ ಶಾಲೆ, ಸಭೆಗಳಲ್ಲೆಲ್ಲ ಹಾಡಲೇಬೇಕು. ಇಲ್ಲಿ ಆ ಅಗತ್ಯ ಇನ್ನೂ ಬಂದಿಲ್ಲ. ಬರೆದ ದಿನವೇ ಒಂದು ಸಮಿತಿ ಕೂರುತ್ತದೆ. ಆ ನಿಷಾದ ಪೈಪಿಗೆ ಹೊಂದಲಿ ಎಂದು ಯಾರೋ ತಿದ್ದುತ್ತಾರೆ. ನನಗೆ ಭಯ ಅದರದ್ದೇ.

"ಇದೆಲ್ಲ ಒಂದು ಸ್ವರಕ್ಕೋಸ್ಕರವೇ?" ಎಂದರು ಡ್ರೈವರು.

ಹೌದು ಅಂದೆ. ಅವರು ಟೀ ಲೋಟ ಕೆಳಗಿಟ್ಟು ತಾವೇ ಹಾಡು ಎತ್ತಿಕೊಂಡರು. ಹುರುಪಿನಲ್ಲಿ ತೀರಾ ಮೇಲೆ ಎತ್ತಿಬಿಟ್ಟರು. ಈ ಹಾಡು ಕೆಳಗೆ ಶುರುವಾಗಿ ಆಮೇಲೆ ಏರುತ್ತದೆ. ಪೈಪು ಇಲ್ಲದಾಗ ನಿಮಗೆ ಸರಿ ಅನ್ನಿಸಿದ್ದಕ್ಕಿಂತ ಎರಡು ಸ್ವರ ಕೆಳಗೆ ಹಿಡಿಯಬೇಕು. ಅರ್ಧ ಚರಣಕ್ಕೆ ಗಂಡಸರೆಲ್ಲ ಕೀರಲು ದನಿಗೆ ಬಂದು ನಗುತ್ತಾ ನಿಂತರು. ನಾನು ಷಡ್ಜ ಕೊಟ್ಟೆ, ಮತ್ತೆ ಮೊದಲಿಂದ.