ರೋಬಾಟ್ ಮೋಟಾರಿಗೆ ಲಿಥಿಯಂ ಸೆಲ್: ವೋಲ್ಟ್ ಮಾತ್ರ ನೋಡಿದರೆ ಸಾಲದು

ಗೆರೆ ಹಿಡಿದು ಓಡುವ ಪುಟ್ಟ ರೋಬಾಟನ್ನು ಕೈಯಲ್ಲಿ ಎತ್ತಿ ಹಿಡಿದಾಗ ಚಕ್ರಗಳು ಚೆನ್ನಾಗಿ ತಿರುಗುತ್ತವೆ. ನೆಲಕ್ಕಿಟ್ಟ ಕೂಡಲೇ ಪ್ರೋಗ್ರಾಂ ಓಡಿಸುವ ನಿಯಂತ್ರಣ ಬೋರ್ಡಿನ ದೀಪ ಮಂಕಾಗಿ, ಪ್ರೋಗ್ರಾಂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾನು ಎರಡು ದಿನ ಕೋಡಿನಲ್ಲಿ ತಪ್ಪು ಹುಡುಕಿದೆ. ತಪ್ಪು ಇದ್ದದ್ದು 9 ವೋಲ್ಟಿನ ಚಿಕ್ಕ ಬ್ಯಾಟರಿಯಲ್ಲಿ.

ಆ ಬ್ಯಾಟರಿಯ ಒಳರೋಧ, ಅಂದರೆ ಕರೆಂಟಿಗೆ ಬ್ಯಾಟರಿ ತನ್ನೊಳಗೇ ಒಡ್ಡುವ ತಡೆ, ಸುಮಾರು 2 ಓಮ್ ಎಂದುಕೊಳ್ಳಿ. ಮೋಟಾರುಗಳು 2 ಆಂಪಿಯರ್ ಎಳೆದರೆ 4 ವೋಲ್ಟ್ ಬ್ಯಾಟರಿಯ ಒಳಗೇ ಕಳೆದುಹೋಗಿ, ಹೊರಗೆ ಸಿಗುವುದು 5 ವೋಲ್ಟ್ ಮಾತ್ರ. ಒಳ್ಳೆಯ 18650 (ಕೊಳವೆಯಾಕಾರದ ಒಂದು ಪ್ರಮಾಣಿತ ಗಾತ್ರ) ಲಿಥಿಯಂ ಸೆಲ್ಲಿನ ಒಳರೋಧ 0.05 ಓಮ್ ಆಸುಪಾಸು. ಅಷ್ಟೇ ಕರೆಂಟಿಗೆ ಅದು ಕಳೆದುಕೊಳ್ಳುವುದು 0.1 ವೋಲ್ಟ್. ಹಾಗಾಗಿ ಮೊದಲು ಕೇಳಬೇಕಾದದ್ದು, ಮೋಟಾರು ಹೊರಡುವ ಕ್ಷಣದಲ್ಲಿ ಎಷ್ಟು ಕರೆಂಟ್ ಬೇಡುತ್ತದೆ ಎಂಬುದು.

ಅದನ್ನು ನೀವೇ ಅಳೆಯಬಹುದು. ಹಳದಿ ಗೇರ್ ಮೋಟಾರಿನ ಎರಡು ತುದಿಗಳಿಗೆ ಮಲ್ಟಿಮೀಟರ್ ಹಚ್ಚಿ ಓಮ್ ಓದಿ. ಚಕ್ರವನ್ನು ಸ್ವಲ್ಪ ತಿರುಗಿಸಿ, ಅದು ನಿಂತ ಮೇಲೆ ಮತ್ತೆ ಓದಿ. ತಿರುಗುವ ಸುರುಳಿಗೆ ಕರೆಂಟ್ ಮುಟ್ಟಿಸುವ ಬ್ರಷ್ ಕೂತ ಜಾಗಕ್ಕೆ ತಕ್ಕಂತೆ ಅಂಕಿ ಬದಲಾಗುತ್ತದೆ. ಅತಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಿ. 6 ಓಮ್ ಬಂದರೆ, 6 ವೋಲ್ಟಿಗೆ 1 ಆಂಪಿಯರ್. ನಿಂತ ಮೋಟಾರು ಬರೀ ತಂತಿಯ ಸುರುಳಿ. ತಿರುಗತೊಡಗಿದ ಮೇಲೆ ಅದೇ ಎದುರು ವೋಲ್ಟೇಜ್ ಹುಟ್ಟಿಸುವುದರಿಂದ ಕರೆಂಟ್ ಇಳಿಯುತ್ತದೆ. ಗೋಡೆಗೆ ಗುದ್ದಿ ಚಕ್ರ ಸಿಕ್ಕಿಕೊಂಡರೆ ಮತ್ತೆ ಪೂರ್ತಿ 1 ಆಂಪಿಯರ್. ಸೆಲ್ಲನ್ನೂ, ಬೋರ್ಡಿನ ಆದೇಶದಂತೆ ಮೋಟಾರಿಗೆ ಕರೆಂಟ್ ಹರಿಸುವ ಡ್ರೈವರನ್ನೂ ಈ ಲೆಕ್ಕಕ್ಕೇ ಆರಿಸಿ.

ಒಂದು ಸೆಲ್ ತುಂಬಿದಾಗ 4.2 ವೋಲ್ಟ್, 3.0ಕ್ಕಿಂತ ಕೆಳಗೆ ಇಳಿಸಬಾರದು. ಎರಡನ್ನು ಸಾಲಾಗಿ ಜೋಡಿಸಿದರೆ 8.4ರಿಂದ 6. ಇಲ್ಲಿ ಡ್ರೈವರ್ ಬೋರ್ಡಿನ ಮಾತು ಬರುತ್ತದೆ. ಎಲ್298ಎನ್ ಎಂಬ ಡ್ರೈವರ್ ಹಳೆಯ ಬಗೆಯ ಟ್ರಾನ್ಸಿಸ್ಟರುಗಳದ್ದು. ತಾನೇ ಸುಮಾರು 2 ವೋಲ್ಟ್ ತಿಂದು ಬಿಸಿಯಾಗುತ್ತದೆ. ಟಿಬಿ6612 ಎಂಬ ಇನ್ನೊಂದು ಡ್ರೈವರ್ ಮಾಸ್‌ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್ ಬಳಸುವುದರಿಂದ ನಷ್ಟ ತೀರಾ ಕಡಿಮೆ, ಬ್ಯಾಟರಿಯಿಂದ ಓಡುವ ರೋಬಾಟಿಗೆ ನಾನು ಅದನ್ನೇ ಹೇಳುವುದು. ಆದರೆ ಆಗ 6 ವೋಲ್ಟಿನ ಮೋಟಾರಿಗೆ 8.4 ಹೋಗದಂತೆ ಪಿಡಬ್ಲ್ಯೂಎಂ (ಕರೆಂಟನ್ನು ವೇಗವಾಗಿ ಹಚ್ಚಿ ಆರಿಸಿ ಸರಾಸರಿ ವೋಲ್ಟೇಜ್ ಇಳಿಸುವ ವಿಧಾನ) ಅಂಕಿಯನ್ನು 255ರಲ್ಲಿ 180ಕ್ಕೆ ಮಿತಿಗೊಳಿಸಿ.

ನಿಯಂತ್ರಣ ಬೋರ್ಡಿಗೆ ಬೇರೆಯದೇ 5 ವೋಲ್ಟಿನ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಕೊಡಿ, ಎಲ್ಲ ಗ್ರೌಂಡ್ ತಂತಿಗಳನ್ನು ಒಂದುಗೂಡಿಸಿ. ಡ್ರೈವರಿನ ಬಳಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಮೋಟಾರು ಹೊರಡುವಾಗಿನ ಎಳೆತ ಮೆತ್ತಗಾಗುತ್ತದೆ.

ಚಾರ್ಜಿಂಗ್ ವಿಷಯದಲ್ಲಿ ಮಾತ್ರ ದಯವಿಟ್ಟು ಅವಸರ ಬೇಡ. ಟಿಪಿ4056 ಎಂಬ ಚಾರ್ಜಿಂಗ್ ಬೋರ್ಡು ಒಂದು ಸೆಲ್ಲಿನ ವೋಲ್ಟೇಜಿಗೆ ಮಾತ್ರ. ಸಾಲಾಗಿ ಜೋಡಿಸಿದ ಎರಡಕ್ಕೆ 8.4 ವೋಲ್ಟಿನ ಲಿಥಿಯಂ ಚಾರ್ಜರ್ ಬೇಕು, ಜೊತೆಗೆ ಎರಡನ್ನೂ ಸಮವಾಗಿಡುವ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಬೇಕು. ಮೈಮೇಲಿನ ಪ್ಲಾಸ್ಟಿಕ್ ಹರಿದ ಸೆಲ್ಲನ್ನು ಬಳಸಬೇಡಿ. ಹರಿದ ಜಾಗಕ್ಕೆ ಲೋಹ ತಾಗಿ ಶಾರ್ಟ್ ಆದರೆ ಬೆಂಕಿಯೇ ಹೊತ್ತಬಹುದು. 9800 ಎಂಎಎಚ್ (ಸೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಅಚ್ಚಾದ 18650 ಕಂಡರೆ ಕೊಳ್ಳಬೇಡಿ. ಈ ಗಾತ್ರದ ಸಾಮಾನ್ಯ ಸೆಲ್ಲಿನಲ್ಲಿ ಹಿಡಿಯುವುದು ಹೆಚ್ಚೆಂದರೆ 3500ರ ಆಸುಪಾಸು.

ಕೊನೆಯದಾಗಿ ಒಂದು ಪುಟ್ಟ ಜೋಡಣೆ. 10 ಕಿಲೋಓಮಿನ ಎರಡು ರೆಸಿಸ್ಟರುಗಳನ್ನು ಬ್ಯಾಟರಿಯ ಎರಡು ತುದಿಗಳ ನಡುವೆ ಸಾಲಾಗಿ ಹಾಕಿ, ನಡುವಿನ ಬಿಂದುವನ್ನು 5 ವೋಲ್ಟಿನ ಬೋರ್ಡಿನ ಅನಲಾಗ್ ಪಿನ್ನಿಗೆ ಕೊಡಿ. ಅಲ್ಲಿ ಅರ್ಧ ವೋಲ್ಟೇಜ್ ಸಿಗುತ್ತದೆ. ಅದು ಕೆಲವು ಕ್ಷಣ ಸತತವಾಗಿ 3.2ಕ್ಕಿಂತ ಕೆಳಗೇ ಉಳಿದರೆ ಮೋಟಾರು ನಿಲ್ಲುವಂತೆ ಕೋಡ್ ಬರೆಯಿರಿ. ಒಂದೇ ಓದಿಗೆ ನಿಲ್ಲಿಸಿದರೆ, ಹೊರಡುವ ಕ್ಷಣದ ಇಳಿತಕ್ಕೇ ರೋಬಾಟ್ ನಿಂತುಬಿಡುತ್ತದೆ.